ಪತ್ತನಾಜೆಯೊಳಗೆ ಕೇಳಬೇಕಾದ ಹಾಡುಗಳು

ಕಾಸರಗೋಡಿನ ಬೇಸಿಗೆಯಲ್ಲಿ ಕಿವಿಗೆ ರಜೆಯಿಲ್ಲ. ಮಳೆಗಾಲದಲ್ಲಾದರೆ ಹಂಚಿನ ಮೇಲೆ ಸುರಿಯುವ ಮಳೆಯ ಅಬ್ಬರಕ್ಕೆ ಎದುರು ಕುಳಿತವರ ಮಾತೂ ಕೇಳಿಸುವುದಿಲ್ಲ. ಅಡಿಕೆ ಕೊಯ್ಲು ಶುರುವಾದ ಮೇಲೆ ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಮೀನ ಮಾಸ ಹುಟ್ಟಿತೆಂದರೆ ಊರಿಗೆ ಊರೇ ಹಾಡತೊಡಗುತ್ತದೆ. ಗುಡ್ಡದಾಚೆ ಭೂತದ ಕೋಲ, ಗದ್ದೆಯಲ್ಲಿ ಬಯಲಾಟ, ಚಂದ್ರಗಿರಿ ದಾಟಿ ತೆಂಕಕ್ಕೆ ಹೋದರೆ ತೆಯ್ಯಂ, ಪೇಟೆಯ ಸಭಾಂಗಣಗಳಲ್ಲಿ ಮದುವೆಯ ಮೇಲೆ ಮದುವೆ. ತುಳುವರ ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುವವರೆಗೂ ಇದು ಹೀಗೆಯೇ.

ನಮ್ಮ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಹಾಡಿನ ವ್ಯವಹಾರವೂ ನಡೆಯುತ್ತದೆ. ಶಾಲೆಗೆ ರಜೆ ಸಿಕ್ಕಿ ಮಕ್ಕಳು ಬರುತ್ತಾರೆ. ಬೆಂಗಳೂರಿನಿಂದ ಭಾವನ ಮನೆಯವರು, ದುಬೈಯಿಂದ ದೊಡ್ಡಪ್ಪನ ಮಗ ಬರುತ್ತಾರೆ. ಬಂದವರು ಹೋಗುವ ಮೊದಲು ಆ ವರ್ಷ ತಮಗೆ ಹಿಡಿಸಿದ ಹಾಡೊಂದನ್ನು ಉಳಿದವರಿಗೆ ಕೇಳಿಸಿ ಹೋಗಬೇಕು. ಇದನ್ನು ಯಾರು ಯಾವಾಗ ಶುರು ಮಾಡಿದರೋ, ಈಗ ಯಾರೂ ತಪ್ಪಿಸುವುದಿಲ್ಲ. ಹಲಸಿನ ಹಪ್ಪಳ ಒತ್ತುವಾಗ ಇದಕ್ಕೆ ಒಳ್ಳೆಯ ಸಮಯ. ಬೇಯಿಸಿ ಗುದ್ದಿದ ಸೊಳೆಯ ಹಿಟ್ಟನ್ನು ಒಬ್ಬರು ಉಂಡೆ ಕಟ್ಟುತ್ತಾರೆ, ಇನ್ನೊಬ್ಬರು ಮಣೆಯಲ್ಲಿ ಒತ್ತುತ್ತಾರೆ, ಮಕ್ಕಳು ಅದನ್ನು ಎತ್ತಿಕೊಂಡು ಅಂಗಳದ ಚಾಪೆಯ ಮೇಲೆ ಸಾಲಾಗಿ ಹರಡುತ್ತಾರೆ. ಎಲ್ಲರ ಕೈಗೂ ಎಣ್ಣೆ, ಹಿಟ್ಟು. ಹಾಗಾಗಿ ಹಾಡು ಒಮ್ಮೆ ಶುರುವಾದರೆ ನಡುವೆ ಬದಲಿಸುವ ಹಾಗಿಲ್ಲ. ಮೊಬೈಲನ್ನು ಖಾಲಿ ಸ್ಟೀಲ್ ಚೆಂಬಿನೊಳಗೆ ನಿಲ್ಲಿಸಿದರೆ ಸಾಕು, ಅಂಗಳದ ಆ ಕಡೆಗೂ ಕೇಳಿಸುತ್ತದೆ. ಹೊಸ ಹಾಡನ್ನು ಕೊನೆಯವರೆಗೂ ಕೇಳುವುದು ಈಗಿನ ಕಾಲದಲ್ಲಿ ಎಷ್ಟು ಅಪರೂಪವೆಂದು ನನಗೆ ತಿಳಿದದ್ದು ಹಪ್ಪಳದ ಮಣೆಯ ಮುಂದೆ.

ಈ ಬೇಸಿಗೆಗೆ ಏನು ಕೇಳುತ್ತಿದ್ದೀರಿ ಎಂದು ದೂರದ ಊರಿನ ಗೆಳತಿಯರು ಕೇಳುವುದುಂಟು. ಅವರಿಗಾಗಿ ಬರೆಯುತ್ತಿದ್ದೇನೆ. ಇಲ್ಲಿರುವ ಹಾಡುಗಳೆಲ್ಲ ನಿನ್ನೆ ಮೊನ್ನೆ ಬಂದವಲ್ಲ. ಕೆಲವಕ್ಕೆ ಹಲವು ವರ್ಷ ಆಗಿದೆ. ಆದರೆ ನಮ್ಮ ಅಂಗಳಕ್ಕೆ ಹಾಡು ತಲುಪುವುದು ಯಾರಾದರೂ ತಂದುಕೊಟ್ಟಾಗ, ಅಲ್ಲಿಯವರೆಗೆ ಅದು ನಮಗೆ ಹೊಸದೇ.

ಮೊದಲ ಹಾಡು ನನಗೆ ಸಿಕ್ಕಿದ್ದು ಅಕ್ಕನ ಮಗಳ ಲೆಕ್ಕದ ಪುಸ್ತಕದಲ್ಲಿ. ಅವಳು ಹೈಸ್ಕೂಲಿನಲ್ಲಿದ್ದಾಳೆ. ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ, ಜೊತೆಗೆ ಮಲಯಾಳ. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಓದಲು ಬರೆಯಲು ಬಾರದು. ಇಲ್ಲಿ ಹೀಗೆ ಬೆಳೆಯುತ್ತಿರುವ ಮಕ್ಕಳು ಬಹಳ. ಪುಸ್ತಕದ ಹಿಂದಿನ ಪುಟದಲ್ಲಿ ನೀಲಿ ಪೆನ್ನಿನ ಉರುಟು ಉರುಟಾದ ಮಲಯಾಳ ಅಕ್ಷರಗಳು. ಶಾಲೆಯ ಪದ್ಯವಿರಬೇಕೆಂದು ಓದತೊಡಗಿದೆ. ಓದುತ್ತ ಹೋದಂತೆ ಕನ್ನಡ! 2024ರಲ್ಲಿ ಬಂದ ‘ಕೃಷ್ಣಂ ಪ್ರಣಯ ಸಖಿ’ ಚಿತ್ರದ ‘ದ್ವಾಪರ’ ಹಾಡನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ಮಲಯಾಳ ಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಅರ್ಥವಾಗದ ಶಬ್ದಗಳ ಕೆಳಗೆ ಪೆನ್ಸಿಲ್ ಗೆರೆ. ಎರಡು ಕಡೆ ಶಬ್ದ ಸರಿಯಾಗಿ ಕೇಳಿಸದೆ ಜಾಗ ಬಿಟ್ಟಿದ್ದಳು. “ಚಿಕ್ಕಮ್ಮ, ಇಲ್ಲಿ ಏನು ಹೇಳುತ್ತಾನೆ, ನೀನು ಕೇಳಿ ಹೇಳು” ಎಂದು ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟಳು. ಆ ಸಂಜೆ ಅಡುಗೆ ತಡವಾಯಿತು.

ಅರ್ಜುನ್ ಜನ್ಯ ಸಂಯೋಜಿಸಿದ ಆ ಹಾಡನ್ನು ಹಾಡಿದವರು ಜಸ್ಕರಣ್ ಸಿಂಗ್. ಪಂಜಾಬಿ ತಾಯಿಮಾತಿನ ಹುಡುಗ, ಟಿವಿಯ ‘ಸರಿಗಮಪ’ ವೇದಿಕೆಯಿಂದ ಕನ್ನಡಿಗರಿಗೆ ಪರಿಚಯವಾದವರು. ಅವರ ಉಚ್ಚಾರಣೆಯನ್ನು ಗಮನಿಸಿ. ಕಲಿತು ಹಾಡುವವರಿಗೆ ಮಾತ್ರ ಇರುವ ಒಂದು ಜಾಗ್ರತೆ ಅದರಲ್ಲಿದೆ. ಒಂದು ಅಕ್ಷರವನ್ನೂ ನುಂಗುವುದಿಲ್ಲ, ದೀರ್ಘವನ್ನು ದೀರ್ಘವಾಗಿಯೇ ಎಳೆಯುತ್ತಾರೆ. ನಮ್ಮ ಹುಡುಗಿಗೆ ಕೇಳಿಯೇ ಬರೆದುಕೊಳ್ಳಲು ಆದದ್ದು ಅದರಿಂದ. ಕನ್ನಡವನ್ನು ಕಲಿತು ಹಾಡಿದವನೊಬ್ಬ, ಅದನ್ನು ಕೇಳಿ ಇನ್ನೊಂದು ಲಿಪಿಯಲ್ಲಿ ಬರೆದಿಟ್ಟುಕೊಂಡವಳೊಬ್ಬಳು. ಇಬ್ಬರ ನಡುವೆ ಒಂದು ಭಾಷೆ ದಾಟಿ ಹೋಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ನೆಲದ ಹಿರಿಯರು ಕನ್ನಡಕ್ಕಾಗಿ ಪಟ್ಟ ಪಾಡು ಸಣ್ಣದಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಮಾತನ್ನೇ ಕೊನೆಯವರೆಗೂ ಆಡುತ್ತ ಹೋದರು. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿ ಜನ ಬೀದಿಗೆ ಇಳಿದಿದ್ದರು. ಆ ಹೋರಾಟದ ಬಗ್ಗೆ ನನಗೆ ಗೌರವವಿದೆ, ಅದು ನಡೆಯಲೇಬೇಕು. ಆದರೆ ಅದೇ ಸಭೆಗಳಲ್ಲಿ ಕೆಲವು ಹಿರಿಯರು ಈಗಿನ ಹಾಡುಗಳನ್ನೆಲ್ಲ ಗದ್ದಲವೆಂದು ತಳ್ಳಿಹಾಕುವಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಮಕ್ಕಳಿಗೆ ಕನ್ನಡ ಬೇಕೆಂದು ನಾವು ಹೇಳಿದ್ದನ್ನು ಮಕ್ಕಳು ಕೇಳಿಸಿಕೊಂಡದ್ದು ಕಡಿಮೆ. ಒಂದು ಹಾಡು ಬಂದು, ಯಾರೂ ಹೇಳದೆಯೇ, ಆ ಹುಡುಗಿಯಿಂದ ಮೂರು ಪುಟ ಕನ್ನಡ ಬರೆಯಿಸಿತು. ಶಬ್ದದ ಅರ್ಥ ಕೇಳಲು ಅವಳಾಗಿಯೇ ಬಂದಳು. ಈಗ ಅವಳು ಕನ್ನಡ ಅಕ್ಷರಗಳನ್ನೂ ಕಲಿಯುತ್ತಿದ್ದಾಳೆ, ಹಾಡಿನ ಸಾಲುಗಳನ್ನೇ ಪಾಠ ಮಾಡಿಕೊಂಡು. ಹೊಸ ಹಾಡುಗಳನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು ಇದಕ್ಕೇ. ಇಲ್ಲಿ ಕನ್ನಡ ಓದಲು ಬಾರದ ಮಕ್ಕಳ ಬಾಯಲ್ಲಿ ಕನ್ನಡ ಉಳಿಯಬೇಕಾದರೆ ಈ ವರ್ಷದ ಹಾಡು ಈ ವರ್ಷವೇ ಅವರ ಕೈಗೆ ಸಿಗಬೇಕು.

ಅದು ತಾನಾಗಿ ಸಿಗುವುದಿಲ್ಲ. ಇಲ್ಲಿ ಕುಳಿತು ಮೊಬೈಲಿನಲ್ಲಿ ಹಾಡಿನ ಆ್ಯಪ್ ತೆರೆದರೆ ಅದು ಮೊದಲು ಮುಂದಿಡುವುದು ಮಲಯಾಳದ ಹಾಡುಗಳನ್ನು, ಆಮೇಲೆ ತಮಿಳು, ಹಿಂದಿ. ನಾವಿರುವ ಊರು ಯಾವ ರಾಜ್ಯದ್ದೆಂದು ಅದಕ್ಕೆ ಗೊತ್ತು, ಮನೆಯ ಮಾತು ಗೊತ್ತಿಲ್ಲ. ಚಿಕ್ಕಂದಿನಲ್ಲಿ ನಮಗೆ 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ಇತ್ತು. ಯಾರೋ ಆರಿಸಿ ಹಾಕಿದ ಹಾಡು ಮನೆಯವರೆಲ್ಲರ ಕಿವಿಗೂ ಒಟ್ಟಿಗೆ ಬೀಳುತ್ತಿತ್ತು. ಈಗ ಆ ಆರಿಸುವ ಕೆಲಸವನ್ನು ನಾವೇ ಮಾಡಬೇಕು, ಹುಡುಕಿ ತೆಗೆದು ಮಕ್ಕಳಿಗೆ ಕಳುಹಿಸಬೇಕು.

ಹಾಗೆ ಹುಡುಕುವಾಗ ನನ್ನನ್ನು ಬಹಳ ಕಾಲ ಹಿಡಿದಿಟ್ಟದ್ದು ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಹಾಡುಗಳು. ಹೇಮಂತ್ ರಾವ್ ನಿರ್ದೇಶನದ ಈ ಚಿತ್ರ 2023ರಲ್ಲಿ ಎರಡು ಭಾಗಗಳಲ್ಲಿ ಬಂತು, ಸಂಗೀತ ಚರಣ್ ರಾಜ್ ಅವರದು. ಚಿತ್ರದ ಹೆಸರು ಗೋಪಾಲಕೃಷ್ಣ ಅಡಿಗರ ಕವಿತೆಯ ಸಾಲಿನಿಂದ ಬಂದದ್ದು. ಶೀರ್ಷಿಕೆ ಗೀತೆಯನ್ನು ಧನಂಜಯ್ ರಂಜನ್ ಬರೆದಿದ್ದಾರೆ, ಹಾಡಿದವರು ಕಪಿಲ್ ಕಪಿಲನ್. ಇದೇ ಗಾಯಕ 2024ರ ಮಲಯಾಳ ಚಿತ್ರ ‘ಪ್ರೇಮಲು’ವಿನಲ್ಲಿ ಹಾಡಿದ್ದನ್ನು ನಮ್ಮ ಮಕ್ಕಳು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದರು. “ಅದೇ ಧ್ವನಿ!” ಎಂದು ಗುರುತು ಹಿಡಿದು ಕನ್ನಡದ ಹಾಡಿಗೆ ಬಂದವರು ಅವರು. ನಾನು ಅಡಿಗರ ಕಡೆಯಿಂದ ಬಂದೆ. ಒಂದೇ ಹಾಡಿನಲ್ಲಿ ಇಬ್ಬರೂ ಸಿಕ್ಕಿದೆವು.

ಈ ಹಾಡನ್ನು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಆ ಹೊತ್ತಿಗೆ ಸೆಕೆಗೆ ಯಾವ ಕೆಲಸವೂ ಸಾಗುವುದಿಲ್ಲ, ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಚರಣ್ ರಾಜ್ ವಾದ್ಯಗಳನ್ನು ಒಂದರ ಮೇಲೊಂದು ರಾಶಿ ಹಾಕುವುದಿಲ್ಲ. ಒಂದು ವಾದ್ಯ ಮಾತಾಡಿ ಮುಗಿಸಿದ ಮೇಲೆ ಇನ್ನೊಂದಕ್ಕೆ ಜಾಗ ಬಿಡುತ್ತಾರೆ. ಧ್ವನಿ ಏರಬೇಕಾದಲ್ಲಿ ಏರದೆ ಒಂದು ಮೆಟ್ಟಿಲು ಕೆಳಗೆ ನಿಂತುಬಿಡುತ್ತದೆ, ಕೇಳುವವರ ಎದೆಯಲ್ಲಿ ಆ ಉಳಿದ ಮೆಟ್ಟಿಲು ಹಾಗೆಯೇ ಇರುತ್ತದೆ. ಅದೇ ಚಿತ್ರದಲ್ಲಿ ಶ್ರೀಲಕ್ಷ್ಮಿ ಬೆಳ್ಮಣ್ಣು ಹಾಡಿದ ‘ಕಡಲನು’ ಹಾಡಂತೂ ಕಡಲ ಬದಿಯವರು ಕೇಳಲೇಬೇಕಾದದ್ದು. ಬೇಸಿಗೆಯ ಸಂಜೆ ಬೇಕಲದ ಕೋಟೆಯ ಗೋಡೆಯ ಮೇಲೆ ಕುಳಿತು ನಾನು ಅದನ್ನು ಕೇಳಿದ್ದೇನೆ, ಗಾಳಿಗೆ ಅರ್ಧ ಶಬ್ದಗಳು ಹಾರಿಹೋದರೂ ಧಾಟಿ ಉಳಿಯುತ್ತದೆ. ಇತ್ತೀಚಿನ ಕನ್ನಡ ಹಾಡುಗಳಲ್ಲಿ ನಾಳೆ ನಮ್ಮ ಮಕ್ಕಳ ಮಕ್ಕಳೂ ಹಾಡುವಂಥದ್ದು ಯಾವುದೆಂದು ಕೇಳಿದರೆ ನಾನು ಈ ಚಿತ್ರವನ್ನೇ ಹೇಳುತ್ತೇನೆ.

ಇನ್ನು ಮಿಥುನ್ ಮುಕುಂದನ್. ಮಲಯಾಳಿ ಮನೆತನದ ಈ ಸಂಗೀತಗಾರ ‘ಒಂದು ಮೊಟ್ಟೆಯ ಕಥೆ’ಗೆ ಸಂಗೀತ ಕೊಟ್ಟದ್ದು 2017ರಲ್ಲಿ. 2021ರ ‘ಗರುಡ ಗಮನ ವೃಷಭ ವಾಹನ’ ಮಂಗಳೂರಿನ ಗಲ್ಲಿಗಳ ಕಥೆ, ಅದರ ಸಂಗೀತದಲ್ಲಿ ನಮ್ಮ ಕರಾವಳಿಯ ಸೆಕೆಯೂ ಉಪ್ಪೂ ಇವೆ. 2022ರಲ್ಲಿ ಮಲಯಾಳದ ‘ರೋರ್ಷಾಕ್’, ಮರುವರ್ಷ ಕನ್ನಡದ ‘ಸ್ವಾತಿ ಮುತ್ತಿನ ಮಳೆ ಹನಿಯೇ’. ಎರಡೂ ಕಡೆ ಅವರದು ಮನೆಯೇ. ‘ಸ್ವಾತಿ ಮುತ್ತಿನ’ ಸಂಗೀತವನ್ನು ರಾತ್ರಿ ದೀಪ ಆರಿಸಿ ಕೇಳಬೇಕು, ಹಗಲಿನ ಗಜಿಬಿಜಿಯಲ್ಲಿ ಅದರ ಮೆಲುಮಾತು ಸಿಕ್ಕುವುದಿಲ್ಲ. ಮಲಯಾಳಿ ಗೆಳತಿಯರಿಗೆ ಕನ್ನಡದ ಹಾಡು ಕೊಡಬೇಕಾದಾಗ ನಾನು ಇವರಿಂದಲೇ ಶುರು ಮಾಡುತ್ತೇನೆ.

ಕೋಲದ ಕಾಲವಾದ್ದರಿಂದ ‘ಕಾಂತಾರ’ದ ಹಾಡುಗಳನ್ನು ಬಿಡುವಂತಿಲ್ಲ. 2022ರಲ್ಲಿ ಬಂದ ಅಜನೀಶ್ ಲೋಕನಾಥ್ ಸಂಗೀತ, ಶಶಿರಾಜ್ ಕಾವೂರು ಬರೆದು ಸಾಯಿ ವಿಘ್ನೇಶ್ ಹಾಡಿದ ‘ವರಾಹ ರೂಪಂ’ ಎಲ್ಲರಿಗೂ ಗೊತ್ತು. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದವರು ಅದು ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆಂದು ಕೋರ್ಟಿಗೆ ಹೋದದ್ದೂ ಗೊತ್ತು. ಆ ದಿನಗಳಲ್ಲಿ ಇಲ್ಲಿ ಬಸ್ಸಿನಲ್ಲಿ, ಹೋಟೆಲಿನಲ್ಲಿ ಅದೇ ಚರ್ಚೆ. ನನಗೆ ಎರಡೂ ಹಾಡುಗಳು ಇಷ್ಟ. ಆದರೆ ಬೇಸಿಗೆಗೆ ನಾನು ಆರಿಸುವುದು ಅದೇ ಚಿತ್ರದ ‘ಸಿಂಗಾರ ಸಿರಿಯೆ’. ವಿಜಯ್ ಪ್ರಕಾಶ್ ಮತ್ತು ಅನನ್ಯ ಭಟ್ ಹಾಡಿದ್ದು, ಪ್ರಮೋದ್ ಮರವಂತೆ ಬರೆದದ್ದು. ಗದ್ದೆಯ ಕೆಲಸಕ್ಕೆ ಹೊಂದುವ ನಡೆ ಅದರದು. ಕಳೆದ ವರ್ಷಗಳಲ್ಲಿ ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಹೆಂಗಸರು ತುಳುವಿನ ಕಥನಗೀತೆಗಳಾದ ಪಾಡ್ದನದ ಜೊತೆಗೆ ಇದನ್ನೂ ಗುನುಗುವುದನ್ನು ಕೇಳಿದ್ದೇನೆ. ಪಾಡ್ದನ ಹೇಳುವವರ ಬಾಯಿಗೆ ಒಂದು ಸಿನಿಮಾ ಹಾಡು ಹತ್ತಿತೆಂದರೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ?

ನಮ್ಮವರದೇ ಒಂದು ಸಂತೋಷ. ‘ಸು ಫ್ರಮ್ ಸೋ’ ಚಿತ್ರವನ್ನು ಬರೆದು ನಿರ್ದೇಶಿಸಿದ ಜೆ.ಪಿ. ತೂಮಿನಾಡು ಅವರ ಹೆಸರಿನಲ್ಲಿರುವ ತೂಮಿನಾಡು ಮಂಜೇಶ್ವರದ ಹತ್ತಿರ, ಇದೇ ಕಾಸರಗೋಡು ಜಿಲ್ಲೆಯಲ್ಲಿದೆ. 2025ರ ಜುಲೈ 25ರಂದು ಚಿತ್ರ ಬಿಡುಗಡೆಯಾಗಿ, ಮರುವಾರವೇ ಮಲಯಾಳಕ್ಕೆ ಡಬ್ ಆಗಿ ಬಂತು. ಸುಮೇಧ್ ಕೆ. ಸಂಗೀತದ ‘ಡ್ಯಾಂಕ್ಸ್ ಆಂಥಮ್’ ಕೇಳಿದರೆ ಮನೆಯಲ್ಲಿ ಸಣ್ಣ ಮಕ್ಕಳು ಕೂತಲ್ಲಿ ಕೂರುವುದಿಲ್ಲ. ಅದರ ಸಂಗೀತದ ಹೆಚ್ಚುಗಾರಿಕೆಯ ಬಗ್ಗೆ ನಾನು ಬಹಳ ಹೇಳಲಾರೆ, ಕುಣಿಯುವ ಹಾಡು ಕುಣಿಸುತ್ತದೆ, ಅಷ್ಟೇ. ಆದರೆ ನಮ್ಮ ಊರಿನ ಕಡೆಯ ಜನ, ನಮ್ಮ ಕನ್ನಡದ ರಾಗ, ನಮ್ಮ ಮದುವೆ ಮನೆಯ ಚಪ್ಪರ ಒಂದು ಹಾಡಿನೊಳಗೆ ಕಂಡಾಗ ಮಕ್ಕಳ ಮುಖದಲ್ಲಿ ಮೂಡಿದ ಹೆಮ್ಮೆ ನನಗೆ ಮುಖ್ಯ. ಇದಕ್ಕೂ ಮೊದಲು 2018ರಲ್ಲಿ ಕಾಸರಗೋಡಿನ ಕನ್ನಡ ಶಾಲೆಯ ಕಥೆಯುಳ್ಳ ರಿಷಬ್ ಶೆಟ್ಟರ ಚಿತ್ರ ಬಂದಾಗ ವಾಸುಕಿ ವೈಭವ್ ಸಂಗೀತದ ಹಾಡುಗಳನ್ನು ಇಲ್ಲಿನ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಹಾಡಿದ್ದು ಇನ್ನೂ ನೆನಪಿದೆ. ವಾಸುಕಿ ವೈಭವ್ ಅವರ ಧ್ವನಿಯಲ್ಲಿ ಒಂದು ಆಪ್ತತೆ ಇದೆ, ಪಕ್ಕದಲ್ಲಿ ಕುಳಿತು ಹಾಡಿದ ಹಾಗೆ. 2019ರ ‘ಮುಂದಿನ ನಿಲ್ದಾಣ’ ಚಿತ್ರದ ‘ಇನ್ನೂನು ಬೇಕಾಗಿದೆ’ ಕೇಳದವರಿದ್ದರೆ ಈ ರಜೆಯಲ್ಲಿ ಕೇಳಿ.

ಮಲಯಾಳದ ಹಾಡುಗಳನ್ನು ಬಿಟ್ಟು ಇಲ್ಲಿನ ಬೇಸಿಗೆಯ ಮಾತು ಮುಗಿಯುವುದಿಲ್ಲ. ಮಲಯಾಳ ನಮ್ಮ ಮೇಲೆ ಹೇರಿಕೆಯಾದಾಗ ನೋವಾಗುತ್ತದೆ. ಹಾಡಾಗಿ ಬಂದಾಗ ಅದು ನೆರೆಮನೆಯ ಮಾತು. ‘ತಲ್ಲುಮಾಲ’ ಚಿತ್ರಕ್ಕೆ 2022ರಲ್ಲಿ ವಿಷ್ಣು ವಿಜಯ್ ಸಂಗೀತ ಕೊಟ್ಟು ಮುಹ್ಸಿನ್ ಪರಾರಿ ಬರೆದ ಹಾಡುಗಳು ಕಾಸರಗೋಡಿನ ಮದುವೆ ಮನೆಗಳನ್ನೇ ಬದಲಿಸಿಬಿಟ್ಟವು. ರ‍್ಯಾಪ್ ಗಾಯಕ ಡಾಬ್ಸಿ ಹಾಡಿದ ‘ಮಣವಾಳನ್ ಥಗ್’, ಆಮೇಲೆ 2024ರಲ್ಲಿ ಸುಶಿನ್ ಶ್ಯಾಮ್ ಸಂಗೀತದ ‘ಆವೇಶಂ’ ಚಿತ್ರಕ್ಕೆ ಡಾಬ್ಸಿಯೇ ಹಾಡಿದ ‘ಇಲ್ಯುಮಿನಾಟಿ’. ಬಡಿತ ಹೊಸದು, ಆದರೆ ಡಾಬ್ಸಿಯ ಉಚ್ಚಾರದಲ್ಲಿ, ಪ್ರಾಸ ಕಟ್ಟುವ ಬಗೆಯಲ್ಲಿ ಮಲಬಾರಿನ ಮುಸ್ಲಿಮರ ಹಳೆಯ ಹಾಡುಗಳಾದ ಮಾಪ್ಪಿಳಪ್ಪಾಟ್ಟಿನ ನೆರಳಿದೆ.

ಆ ಹಳೆಯದು ನಮಗೆ ದೂರದ್ದಲ್ಲ. ಕುಂಬಳೆಯ ಹತ್ತಿರದ ಮೊಗ್ರಾಲಿಗೆ ‘ಇಶಲ್ ಗ್ರಾಮ’ ಎಂದೇ ಹೆಸರು. ಇಶಲ್ ಎಂದರೆ ಮಾಪ್ಪಿಳಪ್ಪಾಟ್ಟಿನ ಧಾಟಿ. ಕಾಸರಗೋಡಿನ ತಳಂಗರೆಯ ಕವಿ ಟಿ. ಉಬೈದ್ ಅವರು (1908–1972) ಆ ಹಾಡುಗಳಿಗೆ ಮಲಯಾಳ ಸಾಹಿತ್ಯದ ಅಂಗಳದಲ್ಲಿ ಮಣೆ ಹಾಕಿಸಿದವರು, ಕನ್ನಡವನ್ನೂ ಬಲ್ಲವರು, ಕನ್ನಡದಿಂದ ಮಲಯಾಳಕ್ಕೆ ತಂದವರು. ಮೊಯಿನ್‌ಕುಟ್ಟಿ ವೈದ್ಯರು 1872ರಲ್ಲಿ ಬರೆದ ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಕಾವ್ಯದ ಧಾಟಿಗಳನ್ನು ನೆರೆಮನೆಯ ಮದುವೆಯ ಒಪ್ಪನದಲ್ಲಿ ಕೇಳಿ ಬೆಳೆದವಳು ನಾನು. ವಧುವನ್ನು ನಡುವೆ ಕೂರಿಸಿ ಹುಡುಗಿಯರು ಕೈತಟ್ಟುತ್ತ ಸುತ್ತುವಾಗ ತಟ್ಟಿನ ನಡುವೆ ಒಂದು ಅರೆಗಳಿಗೆಯ ನಿಲುಗಡೆ ಬರುತ್ತದೆ. ‘ತಲ್ಲುಮಾಲ’ದ ಹಾಡುಗಳಲ್ಲಿ ಅದೇ ನಿಲುಗಡೆ ಡ್ರಮ್ಮಿನ ನಡುವೆ ಬಂದದ್ದನ್ನು ಮೊದಲ ಬಾರಿ ಕೇಳಿದಾಗ ಹಪ್ಪಳದ ಉಂಡೆ ಕೈಯಲ್ಲೇ ಉಳಿಯಿತು. ಹೊಸ ಹಾಡುಗಳನ್ನು ಕೇಳಿ ಮಕ್ಕಳು ಹಳೆಯದರ ಬಳಿಗೆ ಹೋಗುತ್ತಾರೆಯೇ ಎಂದು ಕೇಳುವವರಿದ್ದಾರೆ. ಪಕ್ಕದ ಮನೆಯ ಹುಡುಗ ಹೋಗಿದ್ದಾನೆ. ಡಾಬ್ಸಿಯನ್ನು ಕೇಳಿ ಕೇಳಿ, ಈಗ ಶಾಲೆಯ ಕಲೋತ್ಸವಕ್ಕೆ ಮಾಪ್ಪಿಳಪ್ಪಾಟ್ಟು ಕಲಿಯುತ್ತಿದ್ದಾನೆ.

ಹನುಮಾನ್‌ಕೈಂಡ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸೂರಜ್ ಚೆರುಕಾಟ್ ಎಂಬುದು ಅವರ ಹೆಸರು, ಮಲಪ್ಪುರಂ ಜಿಲ್ಲೆಯ ಮೂಲ, ಬೆಳೆದದ್ದು ಅಮೆರಿಕದ ಹ್ಯೂಸ್ಟನ್ನಿನಲ್ಲಿ, ಹಾಡುವುದು ಇಂಗ್ಲಿಷ್ ರ‍್ಯಾಪ್. 2024ರಲ್ಲಿ ಸಂಗೀತ ನಿರ್ಮಾಪಕ ಕಲ್ಮಿ ಜೊತೆ ಮಾಡಿದ ‘ಬಿಗ್ ಡಾಗ್ಸ್’ ಲೋಕದ ತುಂಬ ಓಡಾಡಿತು. ಜಾತ್ರೆಗಳಲ್ಲಿ ನಾವು ಕಂಡ ಮರಣದ ಬಾವಿಯೊಳಗೆ ಪೊನ್ನಾನಿಯಲ್ಲಿ ಚಿತ್ರಿಸಿದ ವೀಡಿಯೊ ಅದು. ಆದರೆ ನನ್ನ ಹಾಡು 2025ರ ‘ರನ್ ಇಟ್ ಅಪ್’. ದುಬೈಯಿಂದ ಬಂದ ದೊಡ್ಡಪ್ಪನ ಮಗ ಅದನ್ನು ಹಾಕಿದಾಗ, ರ‍್ಯಾಪ್ ಎಂದರೆ ಮುಖ ತಿರುಗಿಸುವ ನನ್ನ ಮಾವ ಜಗಲಿಯಿಂದ ಎದ್ದು ಬಂದರು. ಕಾರಣ ಅದರೊಳಗಿನ ಚೆಂಡೆ. ಮಾವ ಎಳವೆಯಲ್ಲಿ ಮೇಳಗಳ ಆಟಕ್ಕೆ ಕತ್ತಲೆಯಲ್ಲಿ ಮೈಲುಗಟ್ಟಲೆ ನಡೆದು ಹೋಗಿ ಬಂದವರು. ನಮ್ಮ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಯಕ್ಷಗಾನಕ್ಕೂ ಕೇರಳದ ಮೇಳವಾದ್ಯಕ್ಕೂ ಚೆಂಡೆ ಒಂದೇ. ಕುತ್ತಿಗೆಗೆ ತೂಗುಹಾಕಿ ನಿಂತು, ಮೇಲಿನ ಚರ್ಮಕ್ಕೆ ಎರಡು ಕೋಲಿನಿಂದ ಹೊಡೆಯುವ ಅದೇ ವಾದ್ಯ. ಬಡಗಣ ಶೈಲಿಯಾದ ಬಡಗುತಿಟ್ಟಿನ ಚೆಂಡೆಯ ಆಕಾರ ಬೇರೆ, ನಾದ ಬೇರೆ. ಹಾಗಾಗಿ ಆ ಇಂಗ್ಲಿಷ್ ಹಾಡಿನ ಪೆಟ್ಟು ಮಾವನಿಗೆ ತಮ್ಮದೇ ಪೆಟ್ಟು. “ಈ ಹುಡುಗನಿಗೆ ಮಾತು ಜಾಸ್ತಿ, ಆದರೆ ಚೆಂಡೆಯವನಿಗೆ ಕೈ ಇದೆ” ಎಂದರು. ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ಮಕ್ಕಳನ್ನು ಕೂರಿಸಿಕೊಂಡು, ವೇಷ ರಂಗಕ್ಕೆ ಬರುವ ಮೊದಲು ಚೆಂಡೆ ಹೇಗೆ ಏರಬೇಕು, ಎಲ್ಲಿ ತಡೆದು ನಿಲ್ಲಿಸಬೇಕು, ಪದ ಹಾಡುವ ಭಾಗವತರ ಜಾಗಟೆ ಎಲ್ಲಿ ಸೇರಬೇಕು ಎಂದು ಮಣೆಯ ಮೇಲೆ ಎರಡು ಬೆರಳಲ್ಲಿ ಬಾರಿಸಿ ತೋರಿಸಿದರು. ಮಕ್ಕಳು ಕೇಳಿದ್ದು ರ‍್ಯಾಪ್, ಸಿಕ್ಕಿದ್ದು ಯಕ್ಷಗಾನದ ಪಾಠ.

ಸಿನಿಮಾದ ಹೊರಗೂ ಒಳ್ಳೆಯ ಹಾಡು ಬೇಕೆನ್ನುವವರಿಗೆ ಇಬ್ಬರು ಕಲಾವಿದೆಯರ ಹೆಸರು ಹೇಳುತ್ತೇನೆ. ಬಿಂದುಮಾಲಿನಿಯವರಿಗೆ ‘ನಾತಿಚರಾಮಿ’ ಚಿತ್ರದ ‘ಮಾಯಾವಿ ಮನವೆ’ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಿದೆ. ಆದರೆ ಅವರನ್ನು ನಿಜವಾಗಿ ಕೇಳಬೇಕಾದದ್ದು ಕಬೀರನಂಥ ಸಂತರ ಪದಗಳನ್ನು ಅವರು ಹಾಡುವಾಗ. ಇನ್ನೊಬ್ಬರು ಉತ್ತರ ಕರ್ನಾಟಕದ ಎಲ್ಲಮ್ಮನ ಹಾಡುಗಳನ್ನು ಜೋಗತಿಯರಿಂದ ಕಲಿತು ಹಾಡುವ ಶಿಲ್ಪಾ ಮುಡಬಿ. ಚೌಡಿಕೆಯ ತಂತಿ ಮೀಟಿ, ಗಂಟಲು ತೆರೆದು ಅವರು ಹಾಡಿದ್ದನ್ನು ಕೇಳಿದರೆ ಕಾಸರಗೋಡಿನ ನಮಗೆ ಕನ್ನಡ ಎಷ್ಟು ದೊಡ್ಡ ನಾಡೆಂಬುದು ನೆನಪಾಗುತ್ತದೆ. ಅವರ ಹಾಡಿನ ಕನ್ನಡದಲ್ಲಿ ನಮಗೆ ಅರ್ಥವಾಗದ ಶಬ್ದಗಳು ಬಹಳ, ಅಕ್ಕನ ಮಗಳ ಹಾಗೆ ನಾನೂ ಗೆರೆ ಎಳೆದಿಟ್ಟುಕೊಳ್ಳುತ್ತೇನೆ.

ಕೊನೆಗೆ ಯಕ್ಷಗಾನದ ಪದಗಳು. ಇದನ್ನು ಹೊಸ ಹಾಡುಗಳ ಪಟ್ಟಿಯಲ್ಲಿ ಸೇರಿಸಿದ್ದಕ್ಕೆ ಯಾರೂ ಆಕ್ಷೇಪಿಸಬಾರದು. ಕುಂಬಳೆಯ ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪ್ರಸಂಗವನ್ನೇ ಹಾಡಿದರೂ ಒಬ್ಬೊಬ್ಬ ಭಾಗವತರ ಬಾಯಲ್ಲಿ ಪದ ಬೇರೆಯಾಗುತ್ತದೆ, ಒಂದೇ ರಾತ್ರಿ ಒಂದೇ ಪದ ಎರಡು ಬಾರಿ ಒಂದೇ ಥರ ಬರುವುದಿಲ್ಲ. ನಮ್ಮ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಏರುಶ್ರುತಿಯ ಹಳೆಯ ಕ್ರಮದ ಹಾಡಿಕೆಯನ್ನು ಕೇಳಿ ಬೆಳೆದವರು ನಾವು. ಈಗಿನ ಮಕ್ಕಳಿಗೆ ಪಟ್ಲ ಸತೀಶ ಶೆಟ್ಟರು ಬೇಕು, ರವಿಚಂದ್ರ ಕನ್ನಡಿಕಟ್ಟೆ ಬೇಕು. ಬಲಿಪರನ್ನು ಕೇಳಿದವರಿಗೆ ಈಗಿನವರ ರಾಗ ವಿಸ್ತಾರ ಸ್ವಲ್ಪ ಹೆಚ್ಚಾಯಿತು ಎನ್ನಿಸಬಹುದು, ಕಥೆ ನಿಂತುಬಿಡುತ್ತದೆ ಎನ್ನುವ ಆಕ್ಷೇಪದಲ್ಲಿ ಹುರುಳೂ ಇದೆ. ಆದರೂ ಹದಿನೈದು ವರ್ಷದ ಹುಡುಗರು ಮೊಬೈಲಿನಲ್ಲಿ ಯಕ್ಷಗಾನದ ಪದ ಹಾಕಿ ಬಸ್ಸಿನಲ್ಲಿ ಕುಳಿತಿರುವುದನ್ನು ಕಂಡಾಗ ನನಗೆ ಧೈರ್ಯ ಬರುತ್ತದೆ.

ಮತ್ತು ಈ ಬೇಸಿಗೆಯಲ್ಲಿ ನಾನು ಎಲ್ಲರಿಗೂ ಒತ್ತಿ ಹೇಳುತ್ತಿರುವ ಹೆಸರು ಲೀಲಾವತಿ ಬೈಪಾಡಿತ್ತಾಯ. 1947ರಲ್ಲಿ ಹುಟ್ಟಿದ್ದು ಇಲ್ಲಿಯೇ ಕಾಸರಗೋಡಿನ ಮಧೂರಿನಲ್ಲಿ. ಕರ್ನಾಟಕ ಸಂಗೀತ ಕಲಿತು, ಮದುವೆಯ ನಂತರ ಪತಿ ಹರಿನಾರಾಯಣ ಬೈಪಾಡಿತ್ತಾಯರ ಚೆಂಡೆ ಮದ್ದಳೆಯ ಜೊತೆಯಲ್ಲಿ ಯಕ್ಷಗಾನಕ್ಕೆ ಬಂದು, ಗಂಡಸರೇ ತುಂಬಿದ್ದ ಮೇಳಗಳಲ್ಲಿ ಊರೂರು ತಿರುಗಿ ಇರುಳಿಡೀ ಹಾಡಿದರು. ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರೆಂದು ಹೆಸರಾಗಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಸವೆಸಿದ ದಾರಿಯಲ್ಲಿ ಈಗ ಕಾವ್ಯಶ್ರೀ ಅಜೇರು ಅವರಂಥವರು ಬಂದಿದ್ದಾರೆ. ಅಕ್ಕನ ಮಗಳಿಗೆ ಇಬ್ಬರ ಹಾಡಿಕೆಯನ್ನೂ ಕೇಳಿಸಿದೆ. ಮಧೂರಿನ ದೇವಸ್ಥಾನಕ್ಕೆ ಅದೆಷ್ಟೋ ಸಲ ಹೋದವಳಿಗೆ, ಆ ಊರಿನ ಹೆಣ್ಣುಮಗಳೊಬ್ಬಳು ಹೀಗೆ ಹಾಡಿದ್ದಳೆಂಬುದು ಗೊತ್ತಿರಲಿಲ್ಲ. ಲೀಲಾವತಿಯವರ ಒಂದು ಶೃಂಗಾರ ಪದವನ್ನು ಬರೆದುಕೊಳ್ಳುತ್ತಿದ್ದಾಳೆ, ಈ ಬಾರಿ ಕನ್ನಡ ಅಕ್ಷರಗಳಲ್ಲಿ, ಒತ್ತಕ್ಷರ ಬಂದಲ್ಲೆಲ್ಲ ನನ್ನನ್ನು ಕರೆಯುತ್ತ.

ಲೀಲಾವತಿಯವರ ಹಾಡಿಕೆಯ ವೀಡಿಯೊಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಕೆಲವು ಹಳೆಯ ಕ್ಯಾಸೆಟ್ಟಿನಿಂದ ತೆಗೆದಂತಿದ್ದು ಧ್ವನಿ ಸ್ವಲ್ಪ ಮಸುಕಾಗಿದೆ, ಅದನ್ನು ಲೆಕ್ಕಿಸಬೇಡಿ. ಇಯರ್‌ಫೋನ್ ಬೇಡ. ರಾತ್ರಿ ಊಟ ಮುಗಿದ ಮೇಲೆ ಮನೆಯವರನ್ನೆಲ್ಲ ಜಗಲಿಗೆ ಕರೆದು ಸ್ಪೀಕರಿನಲ್ಲಿ ಹಾಕಿ, ಅವಸರದ ಯುದ್ಧದ ಪದಗಳನ್ನು ನಾಳೆಗಿಟ್ಟು, ನಿಧಾನದ ಪದದಿಂದ ಶುರು ಮಾಡಿ. ಪತ್ತನಾಜೆಗೆ ಇನ್ನೂ ದಿನಗಳಿವೆ.